ಕಾರಿನೊಳಗಿನ ಡೀಸೆಲ್ ವಾಸನೆ ತೆಗೆಯುವುದು ಹೇಗೆ?



ನಮ್ಮ ಕೊಂಕಲ್‌ದಾಗ ಹೊಲಕ್ಕೆ ನೀರು ಎತ್ತುವ ಇಂಜಿನ್ ಇದ್ದವರು, ಟ್ರ್ಯಾಕ್ಟರ್ ಇದ್ದವರು ಡೀಸೆಲ್ ಅನ್ನು ಕ್ಯಾನಿನಲ್ಲಿ ತರುತ್ತಾರೆ. ನಮ್ಮ ಕಾಕಾ ಅವರೂ ತಮ್ಮ ಕಾರಿನಲ್ಲಿ 20 ಲೀಟರಿನ ಕ್ಯಾನು ತಂದರು. ದಾರಿಯಲ್ಲಿ ಗಾಡಿ ತೆಗ್ಗಿಗೆ ಬಿತ್ತು, ಕ್ಯಾನಿನ ಮುಚ್ಚಳ ಸಡಿಲಾಯಿತು. ಸುಮಾರು ಎರಡು ಲೀಟರ್ ಡೀಸೆಲ್ ಹಿಂದಿನ ಸೀಟಿನ ಕೆಳಗೆ ಚೆಲ್ಲಿತು. ಆ ವಾಸನೆ ತೆಗೆಯಲು ನಮಗೆ ಹದಿನೈದು ದಿನ ಹಿಡಿಯಿತು. ಮೊದಲು ನಾವು ಮಾಡಿದ್ದೆಲ್ಲಾ ತಪ್ಪೇ ಆಯಿತು. ನಿಮಗೆ ಹಾಗಾಗಬಾರದೆಂದು ಈ ಲೇಖನ ಬರೆದಿದ್ದೇನೆ.

ನಾವು ಮಾಡಿದ ಮೂರು ತಪ್ಪುಗಳು

ಮೊದಲನೆಯ ತಪ್ಪು, ಎರಡು ಕೊಡ ನೀರು ಹಾಕಿ ತೊಳೆದದ್ದು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಮೇಲೆ ತೇಲುತ್ತದೆ. ನೀರು ಹರಿದ ಕಡೆಗೆಲ್ಲಾ ಡೀಸೆಲ್ ಕೂಡ ಹರಿಯಿತು. ಹಿಂದೆ ಮಾತ್ರ ಇದ್ದ ವಾಸನೆ ಮುಂದಿನ ಸೀಟಿಗೂ ಬಂತು.

ಎರಡನೆಯ ತಪ್ಪು, ಸೆಂಟಿನ ಬಾಟಲಿ ತಂದು ತೂಗು ಹಾಕಿದ್ದು. ಆಗ ಮಲ್ಲಿಗೆ ವಾಸನೆ ಒಂದು, ಡೀಸೆಲ್ ವಾಸನೆ ಒಂದು, ಎರಡೂ ಕೂಡಿ ಬರತೊಡಗಿದವು. ನಮ್ಮ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆಕೆಗೆ ಎಂಟು ತಿಂಗಳು ತುಂಬಿತ್ತು. ಅದೇ ಕಾರಿನಲ್ಲಿ ಯಾದಗಿರಿಗೆ ತೋರಿಸಲು ಹೊರಟೆವು. ಊರು ದಾಟುವುದರೊಳಗೆ ಆಕೆ, "ಕಾಕಾ, ವಾಂತಿ ಬರಲಾಕತ್ತದ, ಗಾಡಿ ನಿಲ್ಲಸ್ರಿ" ಅಂದಳು. ಮೂರು ಸಲ ಗಾಡಿ ನಿಲ್ಲಿಸಬೇಕಾಯಿತು. ವಾಪಸ್ಸು ಬರುವಾಗ ಅಕ್ಕ ಕಾರು ಹತ್ತಲಿಲ್ಲ. ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಬಸ್ಸಿನಲ್ಲಿ ಬಂದಳು. ಬಾಡಿಗೆಗೆ ಕರೆದ ಮದುವೆಯವರೂ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡು ಬೇರೆ ಗಾಡಿ ನೋಡಿಕೊಂಡರು. ಆ ದಿನ ಕಾಕಾ ಊಟ ಮಾಡಲಿಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಆದರೆ ಅದು ಆಗುವ ಮೊದಲೇ ನಿಂತಿತು. ಕಾಕಾ, "ನಾಕು ಊದಿನಕಡ್ಡಿ ಹಚ್ಚಿ ಒಳಗಿಟ್ಟು ಬಾಗಿಲ ಹಾಕ್ತೀನಿ, ವಾಸನಿ ಓಡಿ ಹೋಗ್ತದ" ಎಂದು ಕಡ್ಡಿಪೆಟ್ಟಿಗೆ ತಂದರು. ಕಟ್ಟೆಯ ಮೇಲೆ ಕುಳಿತಿದ್ದ ಆಯಿ ಒದರಿದಳು: "ಏ ತಮ್ಮಾ, ಎಣ್ಣಿ ಕುಡದ ಬಟ್ಟಿಗಿ ಬೆಂಕಿ ತೋರಸ್ತೀಯೇನು? ಚಿಮಣಿ ಬತ್ತಿ ನೋಡಿಲ್ಲೇನು ನೀ?"

ಆಯಿ ಶಾಲೆ ಕಲಿತವಳಲ್ಲ. ಆದರೆ ಮರುದಿನ ನಮ್ಮ ವಿಜ್ಞಾನದ ಸರ್ ಅವರಿಗೆ ಹೇಳಿದಾಗ ಅವರು, "ನಿಮ್ಮ ಆಯಿ ಹೇಳಿದ್ದು ನೂರಕ್ಕೆ ನೂರು ಖರೆ" ಅಂದರು. ಬಟ್ಟಲಿನಲ್ಲಿರುವ ಡೀಸೆಲ್‌ಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಬಟ್ಟೆ ಅದನ್ನು ಹೀರಿಕೊಂಡರೆ ಬತ್ತಿಯಂತೆ ಆಗಿ ಬೇಗ ಹತ್ತುತ್ತದೆ. ಪೆಟ್ರೋಲ್ ಇನ್ನೂ ಅಪಾಯ. ಅದರ ಆವಿ ಗಾಳಿಗಿಂತ ಭಾರ, ಕಾರಿನ ತಳದಲ್ಲಿ ಕಾಣದಂತೆ ಕೂಡುತ್ತದೆ. ಒಂದು ಕಿಡಿ ಸಾಕು. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಬೇಗ ಹತ್ತುವ ಎಣ್ಣೆಗಳನ್ನು ವರ್ಗ ಮಾಡಿದ್ದಾರೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣದಲ್ಲೇ ಕಿಡಿ ತಾಕಿದರೆ ಹತ್ತುವಷ್ಟು ಆವಿ ಬಿಡುವಂಥವು 'ಎ' ವರ್ಗ. ಪೆಟ್ರೋಲ್ ಅದರಲ್ಲಿದೆ. ಡೀಸೆಲ್ 'ಬಿ' ವರ್ಗ.

ವಾಸನೆ ಯಾಕೆ ಹೋಗುವುದಿಲ್ಲ?

ಪೆಟ್ರೋಲ್ ಹನಿ ಕೈಮೇಲೆ ಬಿದ್ದರೆ ನೋಡುನೋಡುತ್ತಲೇ ಆರುತ್ತದೆ. ಡೀಸೆಲ್ ಹನಿ ಜಿಡ್ಡಾಗಿ ಉಳಿಯುತ್ತದೆ. ಎರಡೂ ಹಲವು ಎಣ್ಣೆಗಳ ಮಿಶ್ರಣಗಳೇ. ಪೆಟ್ರೋಲಿನ ಎಣ್ಣೆಗಳು ಸುಮಾರು 35 ಡಿಗ್ರಿಯಿಂದಲೇ ಕುದಿಯತೊಡಗುತ್ತವೆ. ಡೀಸೆಲಿನವು ಸುಮಾರು 180ರಿಂದ 360 ಡಿಗ್ರಿಯವರೆಗೆ ಬೇಕು. ನಮ್ಮ ಕಡೆ ಬ್ಯಾಸಿಗಿ ಬಿಸಿಲು 40 ದಾಟಿದರೂ ಡೀಸೆಲಿಗೆ ಅದು ಸಾಲದು. ದಿನಾ ಮಧ್ಯಾಹ್ನ ಸ್ವಲ್ಪ ಸ್ವಲ್ಪವೇ ಆವಿಯಾಗಿ ಮುಚ್ಚಿದ ಕಾರಿನಲ್ಲಿ ತುಂಬುತ್ತದೆ. ಆದ್ದರಿಂದ ವಾಸನೆಯನ್ನು ಓಡಿಸಿದರೆ ಆಗದು, ಒಳಗೆ ಕುಳಿತ ಎಣ್ಣೆಯನ್ನೇ ಹೊರಗೆ ತೆಗೆಯಬೇಕು. ಇದೇ ಈ ಲೇಖನದ ಮುಖ್ಯ ಮಾತು.

ಬೇಕಾಗುವ ಸಾಮಾನುಗಳು

ಹಳೆ ಅರಿವೆ, ಕಟ್ಟಿಗೆ ಹೊಟ್ಟು, ಸಾಬೂನು ಪುಡಿ, ಉಗುರುಬೆಚ್ಚನೆಯ ನೀರು, ಮೆತ್ತನೆಯ ಬ್ರಷ್, ಇದ್ದಿಲು, ಕೈಗೆ ಹಾಕಲು ಪ್ಲಾಸ್ಟಿಕ್ ಚೀಲ.

ಮಾಡುವ ವಿಧಾನ

1. ಗಾಡಿಯನ್ನು ಮನೆ, ಒಲೆಗಳಿಂದ ದೂರ ಬಯಲಿನಲ್ಲಿ ನಿಲ್ಲಿಸಿ ನಾಲ್ಕೂ ಬಾಗಿಲು ತೆರೆಯಿರಿ. ಬೀಡಿ, ಕಡ್ಡಿ ಯಾರೂ ಹತ್ತಿರ ತರಬಾರದು.

2. ಕಾಲಡಿಯ ಮ್ಯಾಟು, ಅದರ ಕೆಳಗಿನ ದಪ್ಪ ಬಟ್ಟೆ ಎರಡನ್ನೂ ಹೊರಗೆ ತೆಗೆಯಿರಿ. ನಾವು ಮೊದಲು ಮೇಲಿನ ಮ್ಯಾಟು ಮಾತ್ರ ತೊಳೆದಿದ್ದೆವು. ಡೀಸೆಲ್ ಎಲ್ಲಾ ಕೆಳಗಿನ ಬಟ್ಟೆಯಲ್ಲಿ ಕುಳಿತಿತ್ತು.

3. ಹಸಿ ಇದ್ದ ಕಡೆ ಅರಿವೆ ಇಟ್ಟು ಒತ್ತಿರಿ. ಉಜ್ಜಬ್ಯಾಡ್ರಿ, ಉಜ್ಜಿದರೆ ಒಳಗೆ ಇಳಿಯುತ್ತದೆ. ಆಮೇಲೆ ಕಟ್ಟಿಗೆ ಹೊಟ್ಟನ್ನು ದಪ್ಪಗೆ ಹರವಿ ಒಂದು ರಾತ್ರಿ ಬಿಡಿ. ಮುಂಜಾನೆ ಬಳಿದು ತೆಗೆದು ಹೊಸದು ಹಾಕಿರಿ. ನಾವು ಮೂರು ಸಲ ಹಾಕಿದೆವು. ಒಲೆಯ ಬೂದಿ ಬೇಡ, ಅದರೊಳಗೆ ಕೆಂಡ ಇರಬಹುದು.

4. ಈಗ ಸಾಬೂನು. ಸಾಬೂನಿನ ಕಣಕ್ಕೆ ಎರಡು ತುದಿ. ಒಂದು ತುದಿ ಎಣ್ಣೆಯನ್ನು, ಇನ್ನೊಂದು ನೀರನ್ನು ಹಿಡಿಯುತ್ತದೆ. ಅದಕ್ಕೇ ನೀರಿಗೆ ಬಗ್ಗದ ಎಣ್ಣೆ ಸಾಬೂನಿಗೆ ಬಗ್ಗುತ್ತದೆ. ನೊರೆಯನ್ನು ಮಾತ್ರ ಹಚ್ಚಿ ಬ್ರಷ್ ಆಡಿಸಿ, ಹಸಿ ಅರಿವೆಯಿಂದ ಒರೆಸಿರಿ. ಕೊಡಗಟ್ಟಲೆ ನೀರು ಸುರಿಯಬ್ಯಾಡ್ರಿ. ಹೀಗೆ ನಾಲ್ಕೈದು ಸಲ ಮಾಡಿರಿ.

5. ತೆಗೆದ ಬಟ್ಟೆ, ಸೀಟುಗಳನ್ನು ಹೊರಸಿನ ಮೇಲೆ ಬಿಸಿಲಿಗೆ ಹಾಕಿರಿ. ಪೂರ್ತಿ ಒಣಗದಿದ್ದರೆ ಮುಗ್ಗು ವಾಸನೆ ಬರುತ್ತದೆ.

6. ಕಡೆಗೆ ಉಳಿದ ಸಣ್ಣ ವಾಸನೆಗೆ, ಆರಿದ ತಣ್ಣನೆಯ ಇದ್ದಿಲನ್ನು ಬುಟ್ಟಿಯಲ್ಲಿ ಹಾಕಿ ಕಾರಿನೊಳಗೆ ಇಡಿರಿ. ಇದ್ದಿಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ, ವಾಸನೆಯ ಕಣಗಳು ಅಲ್ಲಿ ಅಂಟುತ್ತವೆ. ಆದರೆ ಎಣ್ಣೆ ತೆಗೆಯದೆ ಇದ್ದಿಲು ಇಟ್ಟರೆ ಏನೂ ಪ್ರಯೋಜನವಿಲ್ಲ.

ಅಡುಗೆ ಸೋಡ ಹಾಕಿರಿ ಎಂದು ಕೆಲವರು ಹೇಳಿದರು. ಹಾಲು ಚೆಲ್ಲಿ ಹುಳಿ ವಾಸನೆ ಬಂದರೆ ಸೋಡ ಒಳ್ಳೆಯದು, ಯಾಕಂದ್ರ ಹುಳಿ ಎಂದರೆ ಆಮ್ಲ, ಸೋಡ ಪ್ರತ್ಯಾಮ್ಲ. ಡೀಸೆಲ್ ಆಮ್ಲ ಅಲ್ಲ. ಸೋಡ ಪುಡಿಯಾಗಿ ಸ್ವಲ್ಪ ಹೀರಬಹುದು, ಅಷ್ಟೇ.

ಮೂಗನ್ನು ನಂಬಬೇಡಿ, ವಾಸನೆಯನ್ನು ಮರೆಯಬೇಡಿ

ಒಂಬತ್ತನೆಯ ದಿನ ಕಾಕಾ, "ಈಗ ಪೂರಾ ಹೋಯ್ತು" ಅಂದರು. ಅವರು ಮುಂಜಾನೆಯಿಂದ ಒಳಗೇ ಇದ್ದರು. ಹೊಲದಿಂದ ಬಂದ ಅವ್ವ ತಲೆ ಒಳಗೆ ಹಾಕಿದವಳೇ, "ಇನ್ನೂ ಅದ" ಅಂದಳು. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದನ್ನು ಹೇಳುವುದನ್ನೇ ಬಿಡುತ್ತದೆ. ಆದ್ದರಿಂದ ಹೊರಗಿನಿಂದ ಬಂದವರನ್ನು ಕೇಳಬೇಕು.

ಇನ್ನೊಂದು ಮಾತು. ಏನೂ ಚೆಲ್ಲದಿದ್ದರೂ ಪೆಟ್ರೋಲ್, ಡೀಸೆಲ್ ವಾಸನೆ ಬಂದರೆ ತೊಳೆಯುತ್ತ ಕೂಡಬಾರದು. ಎಲ್ಲರೂ ಇಳಿದು ದೂರ ನಿಂತು ಮೆಕ್ಯಾನಿಕ್‌ನನ್ನು ಕರೆಸಬೇಕು, ಪೈಪು ಸೋರುತ್ತಿರಬಹುದು. ವಾಸನೆ ನಮ್ಮ ವೈರಿಯಲ್ಲ, ಕಾವಲುಗಾರ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬಲ್ಲಿ ಶಾಲೆಯ ಕೆಳಗೆ ವಾಸನೆಯಿಲ್ಲದ ಗ್ಯಾಸ್ ಸೋರಿ ತುಂಬಿಕೊಂಡಿತ್ತು. ಯಾರಿಗೂ ತಿಳಿಯಲಿಲ್ಲ. ಅದು ಸಿಡಿದು ಮಕ್ಕಳು, ಶಿಕ್ಷಕರು ಸೇರಿ ಸುಮಾರು 300 ಮಂದಿ ಸತ್ತರು. ಆಮೇಲೆ ಗ್ಯಾಸಿಗೆ ಬೇಕೆಂದೇ ಕೆಟ್ಟ ವಾಸನೆ ಸೇರಿಸುವ ಕಾನೂನು ಬಂತು. ನಮ್ಮ ಮನೆಯ ಸಿಲಿಂಡರಿನ ಗ್ಯಾಸಿಗೂ ಹಾಗೇ ವಾಸನೆ ಸೇರಿಸಿರುತ್ತಾರೆ.

ಎಚ್ಚರಿಕೆ

ಎಣ್ಣೆ ಕುಡಿದ ಹೊಟ್ಟು, ಅರಿವೆಗಳನ್ನು ಒಲೆಗೆ ಹಾಕಬಾರದು, ಬಾವಿ, ಹಳ್ಳದ ಹತ್ತಿರ ಚೆಲ್ಲಬಾರದು. ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಬಸುರಿಯರು, ಸಣ್ಣ ಮಕ್ಕಳು ಈ ಕೆಲಸದಿಂದ ದೂರ ಇರಬೇಕು. ಮಕ್ಕಳು ದೊಡ್ಡವರಿಲ್ಲದೆ ಮಾಡಬಾರದು.

ಕಡೆಗೆ ಏನಾಯಿತೆಂದರೆ, ಕೆಳಗಿನ ದಪ್ಪ ಬಟ್ಟೆ ಎಷ್ಟು ತೊಳೆದರೂ ಸರಿಹೋಗಲಿಲ್ಲ. ಕಾಕಾ ಅದನ್ನು ತೆಗೆದು ಹೊಸದು ಹಾಕಿಸಿದರು. ಹದಿನೈದನೆಯ ದಿನ ಅಕ್ಕ ಕಾರಿನಲ್ಲಿ ಕೂತು ಯಾದಗಿರಿಗೆ ಹೋದಳು. ನಾನೂ ಬಾಜೂಕ ಕೂತಿದ್ದೆ. ಕಾಕಾ ಕನ್ನಡಿಯಲ್ಲಿ ಅಕ್ಕನ ಮುಖವನ್ನೇ ನೋಡುತ್ತಿದ್ದರು. ಒಮ್ಮೆಯೂ ಗಾಡಿ ನಿಲ್ಲಿಸಲಿಲ್ಲ.

ಈಗ ನಮ್ಮ ಮನೆಯಲ್ಲಿ ಡೀಸೆಲ್ ಕ್ಯಾನು ಟ್ರ್ಯಾಕ್ಟರಿನ ಟ್ರೇಲರಿನಲ್ಲೇ ಬರುತ್ತದೆ, ಮುಚ್ಚಳ ಬಿಗಿ ಮಾಡಿ, ಹಗ್ಗದಿಂದ ಕಟ್ಟಿ. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವುದಕ್ಕಿಂತ ಇದು ಎಷ್ಟೋ ಸುಲಭ. ನನ್ನ ಲೇಖನದಲ್ಲಿ ತಪ್ಪಿದ್ದರೆ ತಿದ್ದಿರಿ. ಇಷ್ಟು ಹೇಳಿ ಮುಗಿಸುತ್ತೇನೆ.

– ಏಳನೆಯ ತರಗತಿಯ ವಿದ್ಯಾರ್ಥಿನಿ, ಕೊಂಕಲ್