ಆಸ್ಪತ್ರೆಗೆ ಹೋಗಿ ಕೇಳೋರು ಯಾರು ತಾತ?

ಕಳೆದ ವರ್ಷ ಮಳೆಗಾಲದ ಒಂದು ಸಂಜೆ. ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪಕ್ಕದ ಮನೆಯಿಂದ ಓಡಿ ಬಂದಳು.

“ತಾತ, ಪಕ್ಕದ್ಮನೆ ಅಜ್ಜಿ ಈಳಿಗೆ ಮಣೆ ಮೇಲೆ ಮಾತ್ರೆ ಹೆಚ್ಚುತ್ತಾ ಇದ್ದಾರೆ!”

ತಮಾಷೆ ಇರಬೇಕು ಎಂದುಕೊಂಡೇ ಹೋದೆ. ಆದರೆ ಮಾತು ನಿಜ. ಎಪ್ಪತ್ನಾಲ್ಕು ವರ್ಷದ ಆಕೆ ಬಿ.ಪಿ. ಮಾತ್ರೆಗಳನ್ನು ಒಂದೊಂದಾಗಿ ಅರ್ಧ ಮಾಡಿ ಡಬ್ಬಿಯ ಮುಚ್ಚಳದಲ್ಲಿ ಜೋಡಿಸುತ್ತಿದ್ದರು.

“ಏನಕ್ಕಾ ಇದು?”

“ಏನ್ಮಾಡ್ಲಿ ಮೇಷ್ಟ್ರೇ? ಮೂರು ಸಲ ಆಸ್ಪತ್ರೆಗೆ ಹೋಗಿ ಬಂದೆ. ಮಾತ್ರೆ ಬಂದಿಲ್ಲ, ಮುಂದಿನ ವಾರ ಬನ್ನಿ ಅಂತಾರೆ. ಇರೋದನ್ನೇ ಅರ್ಧ ಮಾಡ್ಕೊಂಡ್ರೆ ಇನ್ನೊಂದು ಹತ್ತು ದಿನ ಬರುತ್ತೆ.”

ಆಸ್ಪತ್ರೆ ಎಂದರೆ ನಮ್ಮೂರಿಗೆ ನಾಲ್ಕು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರ. ಬಸ್ಸು ದಿನಕ್ಕೆ ಎರಡೇ ಸಲ. ಬೆಳಗಿನ ಬಸ್ಸು ತಪ್ಪಿದರೆ ನಡಿಗೆಯೇ ಗತಿ. ಆಕೆ ಮೂರು ಸಲ ಹೋಗಿ ಬರಿಗೈಲಿ ಬಂದಿದ್ದರು. ಬಿ.ಪಿ. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಅರ್ಧ ಮಾಡುವುದು, ನಿಲ್ಲಿಸುವುದು ಎಷ್ಟು ಅಪಾಯ ಎಂದು ಹೇಳಿ, ಮರುದಿನ ನಾನೇ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟೆ. ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಮನೆಗೆ ಬಂದು ಪೇಪರ್ ಹಿಡಿದು ಕುಳಿತೆ.

ಮೊಮ್ಮಗಳು ಬಿಡಬೇಕಲ್ಲ! “ಮಿಕ್ಕ ಅಜ್ಜಿ ತಾತಂದಿರಿಗೆ ಯಾರು ತಂದುಕೊಡ್ತಾರೆ? ನಮ್ಮ ಶಾಲೆಯಲ್ಲಿ ಬಿಸಿಯೂಟದ ಸಾರು ನೀರಾದರೆ ಎಸ್‌ಡಿಎಂಸಿಯವರು ಬಂದು ಕೇಳ್ತಾರೆ. ಆಸ್ಪತ್ರೆಗೆ ಹೋಗಿ ಕೇಳೋರು ಯಾರು ತಾತ?”

ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವನು ನಾನು. ಶಾಲೆಗಳ ಎಸ್‌ಡಿಎಂಸಿ 2001ರಲ್ಲಿ ಶುರುವಾದಾಗ ಅದರ ಸಭೆಗಳನ್ನು ನಡೆಸಿದವನು. ಆದರೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ದಿನ ಬಿಟ್ಟು ಆಶಾ ಕಾರ್ಯಕರ್ತೆ ನಮ್ಮ ಬೀದಿಗೆ ಬಂದಾಗ ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಆಕೆ ನಕ್ಕರು. “ಕೇಳಬೇಕಾದವರು ನೀವೇ ಅಲ್ವಾ ಸಾರ್?” ಎಂದು ಚೀಲದಿಂದ ಒಂದು ರಿಜಿಸ್ಟರ್ ತೆಗೆದರು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ನಡಾವಳಿ ಪುಸ್ತಕ ಅದು. ಸದಸ್ಯರ ಪಟ್ಟಿಯಲ್ಲಿ ಆರನೆಯ ಹೆಸರು ನನ್ನದು. ಒಂದೊಂದು ಸಭೆಯ ಕೆಳಗೂ ನನ್ನದೇ ಸಹಿ. ಎರಡು ವರ್ಷದಿಂದ!

ಆಗ ನೆನಪಾಯಿತು. ಯಾರೋ ಪುಸ್ತಕ ತಂದು, “ಇಲ್ಲೊಂದು ಸಹಿ ಹಾಕಿ ಸಾರ್” ಎನ್ನುತ್ತಿದ್ದರು. ಜಗಲಿಯ ಮೇಲೆ ಕುಳಿತೇ ಹಾಕುತ್ತಿದ್ದೆ. ಮೇಲೆ ಏನು ಬರೆದಿದೆ ಎಂದು ಒಮ್ಮೆಯೂ ಓದಿರಲಿಲ್ಲ. ಓದದೆ ಸಹಿ ಹಾಕಬೇಡಿ ಎಂದು ಮಕ್ಕಳಿಗೆ ಪಾಠ ಮಾಡಿದವನು ನಾನೇ. ಮೊಮ್ಮಗಳು ಪುಸ್ತಕವನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ಮತ್ತೆ ವಿದ್ಯಾರ್ಥಿಯಾದೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು. ಆಶಾ ಕಾರ್ಯಕರ್ತೆಯರು ಬಂದದ್ದು ಅದರಿಂದಲೇ. ಊರಿನ ಆರೋಗ್ಯವನ್ನು ಊರಿನವರೇ ನೋಡಿಕೊಳ್ಳಲಿ ಎಂದು ಹಳ್ಳಿ ಹಳ್ಳಿಗೆ ಒಂದು ಸಮಿತಿಯನ್ನೂ ಅದೇ ಅಭಿಯಾನ ಕೊಟ್ಟಿತು. ಪಂಚಾಯಿತಿಯ ಚುನಾಯಿತ ಸದಸ್ಯರು ಅದಕ್ಕೆ ಅಧ್ಯಕ್ಷರು. ಆಶಾ, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ, ಸ್ವಸಹಾಯ ಸಂಘದವರು, ಊರಿನ ಹಿರಿಯರು ಸದಸ್ಯರು. ಅರ್ಧದಷ್ಟಾದರೂ ಮಹಿಳೆಯರಿರಬೇಕು. ತಿಂಗಳಿಗೊಮ್ಮೆ ಸೇರಬೇಕು. ಸಣ್ಣಪುಟ್ಟ ಖರ್ಚಿಗೆಂದು ವರ್ಷಕ್ಕೆ 10,000 ರೂಪಾಯಿವರೆಗೆ ಹಣ ಬರುವ ಏರ್ಪಾಡೂ ಇದೆ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೀಗೇ ಒಂದು ಸಮಿತಿ ಇದೆ. ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ. ಬಯಲು ಸೀಮೆಯಲ್ಲಿ ಸುಮಾರು 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಅಷ್ಟು ಜನರ ಪರವಾಗಿ ಆ ಸಮಿತಿ ಆಸ್ಪತ್ರೆಯ ಬೇಕುಬೇಡಗಳನ್ನು ವಿಚಾರಿಸಬೇಕು. ಇವೆರಡರ ಮೇಲೆ ಗ್ರಾಮಸಭೆ ಇದೆ. ನಮ್ಮ ರಾಜ್ಯದ ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಅಲ್ಲಿ ಮತದಾರರೆಲ್ಲರೂ ಎದ್ದು ನಿಂತು ಕೇಳಬಹುದು.

ಮೊಮ್ಮಗಳು ಕೇಳಿದ “ಯಾರು” ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ “ಯಾರು” ನಾವೇ. ಕುರ್ಚಿಗಳು ಇದ್ದವು, ಕೂರುವವರು ಇರಲಿಲ್ಲ.

ಮುಂದಿನ ಸಭೆ ಅಂಗನವಾಡಿಯಲ್ಲಿ. ನಿಜವಾಗಿ ಬಂದವರು ಏಳು ಜನ. ಹೋಗುವ ಮೊದಲು ನಾನೂ ಮೊಮ್ಮಗಳೂ ಒಂದು ನಲವತ್ತು ಪುಟದ ನೋಟ್‌ಬುಕ್ ಮಾಡಿಕೊಂಡಿದ್ದೆವು. ನಮ್ಮ ಬೀದಿಯ ಹಿರಿಯರು ಯಾವ ದಿನ ಆಸ್ಪತ್ರೆಗೆ ಹೋದರು, ಯಾವ ಮಾತ್ರೆ ಸಿಕ್ಕಿತು, ಯಾವುದು ಸಿಗಲಿಲ್ಲ, ಏನು ಹೇಳಿ ಕಳಿಸಿದರು, ಇಷ್ಟೇ ಅದರಲ್ಲಿದ್ದದ್ದು. ಅಕ್ಷರ ಅವಳದು. ಬರೀ ಬಾಯಿಮಾತಿನಲ್ಲಿ “ಮಾತ್ರೆ ಸಿಗಲ್ಲ” ಎಂದಿದ್ದರೆ ಅದು ಗೊಣಗಾಟ. ತಾರೀಖಿನ ಸಮೇತ ಹನ್ನೊಂದು ಜನರ ಹೆಸರು ಓದಿದಾಗ ಯಾರೂ ತಳ್ಳಿಹಾಕಲಿಲ್ಲ. ಅಧ್ಯಕ್ಷರು ಅದನ್ನು ಬರೆಸಿ, ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಕಳಿಸಿದರು. ಅವರು ನಮ್ಮಲ್ಲಿ ಇಬ್ಬರನ್ನು ಮಾತಿಗೆ ಕರೆದರು.

ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಜಗಳವಾಗಲಿಲ್ಲ. ಆ ಡಾಕ್ಟರಮ್ಮ ತಮ್ಮ ರಿಜಿಸ್ಟರನ್ನೇ ತೆರೆದು ತೋರಿಸಿದರು. ಔಷಧಿಗೆ ಬೇಡಿಕೆ ಪಟ್ಟಿ ಕಳಿಸುವುದು ರಿಜಿಸ್ಟರಿನಲ್ಲಿರುವ ರೋಗಿಗಳ ಲೆಕ್ಕದ ಮೇಲೆ. ನಮ್ಮೂರಿನಿಂದ ಅದರಲ್ಲಿದ್ದ ಬಿ.ಪಿ., ಸಕ್ಕರೆ ಕಾಯಿಲೆಯ ಹೆಸರುಗಳು ಒಂಬತ್ತು. ಮಾತ್ರೆಗೆ ಬರುತ್ತಿದ್ದವರು ಅದರ ಮೂರು ಪಟ್ಟು! ತಾಲ್ಲೂಕು ಆಸ್ಪತ್ರೆಯಲ್ಲೋ ಖಾಸಗಿಯವರಲ್ಲೋ ಪರೀಕ್ಷೆ ಮಾಡಿಸಿಕೊಂಡವರು ಇಲ್ಲಿ ಹೆಸರೇ ಬರೆಸಿರಲಿಲ್ಲ. ತಿಂಗಳ ಮಾತ್ರೆ ಹತ್ತು ಹನ್ನೆರಡು ದಿನಕ್ಕೆ ಮುಗಿಯುತ್ತಿತ್ತು. “ನಮ್ಮದೂ ತಪ್ಪಿದೆ. ಮುಗಿದಾಗ ತುರ್ತಾಗಿ ತರಿಸಬಹುದಿತ್ತು, ಯಾವಾಗ ಬರುತ್ತೆ ಅಂತ ಬೋರ್ಡಿನಲ್ಲಾದರೂ ಬರೆಸಬಹುದಿತ್ತು,” ಎಂದು ಅವರೇ ಒಪ್ಪಿಕೊಂಡರು.

ಹೆಸರು ಬರೆಸುವ ಕೆಲಸ ನಮ್ಮ ಪಾಲಿಗೆ ಬಂತು. 30 ವರ್ಷ ದಾಟಿದ ಎಲ್ಲರ ಬಿ.ಪಿ., ಸಕ್ಕರೆ ನೋಡಿ ಪಟ್ಟಿ ಮಾಡುವುದು ಸರ್ಕಾರದ್ದೇ ಕಾರ್ಯಕ್ರಮ. ಆದರೆ ಆಶಾ ಒಬ್ಬರೇ ಎಷ್ಟು ಮನೆ ತಿರುಗಿಯಾರು? ಎರಡು ಭಾನುವಾರ ಮೊಮ್ಮಗಳೂ ಅವಳ ಗೆಳತಿಯರೂ ಅವರ ಜೊತೆ ಹೊರಟರು. ಮಕ್ಕಳು ಬಾಗಿಲು ತಟ್ಟಿದರೆ ಯಾವ ಅಜ್ಜಿ ತಾನೇ ಒಳಗೆ ಕರೆಯುವುದಿಲ್ಲ? ಕೋಡುಬಳೆ ತಿಂದುಕೊಂಡೇ ಪಟ್ಟಿ ಬೆಳೆಯಿತು. ಒಂಬತ್ತು ಇದ್ದದ್ದು ಮೂವತ್ತೊಂದಾಯಿತು. ಅದರಲ್ಲಿ ನಾಲ್ವರಿಗೆ ತಮಗೆ ಬಿ.ಪಿ. ಇರುವುದೇ ಗೊತ್ತಿರಲಿಲ್ಲ.

ಪಟ್ಟಿ ಕಳಿಸಿದ ಕೂಡಲೇ ಮಾತ್ರೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಆ ನಡುವೆ ಒಂದು ದಿನ ನಮ್ಮ ಪಕ್ಕದ ಮನೆಯ ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ತಲೆಸುತ್ತಿ ಬಿದ್ದರು. ನಾನು ತಂದುಕೊಟ್ಟದ್ದು ಮುಗಿದಿತ್ತು. ಮತ್ತೆ ಕೇಳಲು ಸಂಕೋಚಪಟ್ಟು ಮತ್ತೆ ಅರ್ಧರ್ಧ ನುಂಗಿದ್ದರು. ಆಂಬ್ಯುಲೆನ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ನಾಲ್ಕು ದಿನ ಇದ್ದು ಚೇತರಿಸಿಕೊಂಡರು. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ನನ್ನ ಕಣ್ಣ ಮುಂದೆ ಇದ್ದದ್ದು ನಾನು ಓದದೆ ಹಾಕಿದ ಸಹಿಗಳು. ಎರಡು ವರ್ಷ ಮೊದಲೇ ಯಾರಾದರೂ ಆ ಸಭೆಯಲ್ಲಿ ಬಾಯಿ ಬಿಟ್ಟಿದ್ದರೆ?

ಮಕ್ಕಳೇ, ನಿಮಗೂ ಒಂದು ಸಭೆ ಇದೆ ಗೊತ್ತೇ? ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್ ಸುಮಾರಿಗೆ, ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಕೇಳುತ್ತಾರೆ, ಅಧ್ಯಕ್ಷರೂ ಅಧಿಕಾರಿಗಳೂ ಉತ್ತರಿಸಬೇಕು. ನಮ್ಮಲ್ಲಿ ಆಟದ ಮೈದಾನ, ಶೌಚಾಲಯದ ನೀರು ಎಲ್ಲ ಆದಮೇಲೆ ಮೊಮ್ಮಗಳು ಎದ್ದು ನಿಂತಳು. “ನಮ್ಮೂರಿನ ಅಜ್ಜಿಯರ ಮಾತ್ರೆ ಯಾಕೆ ತಿಂಗಳ ಕೊನೆಗೆ ಮುಗಿದುಹೋಗುತ್ತೆ?” ಹಿಂದೆ ಕುಳಿತವರು ನಕ್ಕರು. ಅವಳು ನೋಟ್‌ಬುಕ್ ತೆರೆದು ತಾರೀಖು ಓದತೊಡಗಿದಳು. ನಗು ನಿಂತಿತು. ಪಿಡಿಒ ಸಾಹೇಬರು ಅದನ್ನು ಬರೆದುಕೊಂಡು, ಆರೋಗ್ಯ ಕೇಂದ್ರಕ್ಕೆ ಪಂಚಾಯಿತಿಯಿಂದಲೇ ಪತ್ರ ಹೋಗುವಂತೆ ಮಾಡಿದರು.

ಈಗ ಪರಿಸ್ಥಿತಿ ಏನು? ಮಾತ್ರೆ ತಿಂಗಳ ಮೂವತ್ತು ದಿನಕ್ಕೂ ಬರುತ್ತಿದೆ. ಯಾವ ಔಷಧಿ ಇದೆ, ಯಾವುದು ಇಲ್ಲ ಎಂದು ಬೋರ್ಡಿನಲ್ಲಿ ಬರೆಯುತ್ತಾರೆ. ಹಿರಿಯರಿಗೆ ಬೇರೆ ಸಾಲು ಆಗಿದೆ. ಅದು ಯಾರ ದಯೆಯೂ ಅಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲೇ 60 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತ್ಯೇಕ ಸಾಲಿನ ಮಾತಿದೆ. ಬಸ್ಸು ಮಾತ್ರ ಇನ್ನೂ ಎರಡೇ. ಅದೂ ನಮ್ಮ ನೋಟ್‌ಬುಕ್ಕಿನಲ್ಲಿದೆ.

ಅಜ್ಜ ಅಜ್ಜಿಯರೇ, ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ಆಶಾ ಅವರನ್ನು ಒಮ್ಮೆ ಕೇಳಿ. ನನ್ನ ಹಾಗೆ ನಿಮ್ಮ ಹೆಸರೇ ಇದ್ದರೂ ಇರಬಹುದು! ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಬರವಣಿಗೆಯಲ್ಲಿ ಕೊಡಿ. ಅದಕ್ಕೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರಿಸಬೇಕು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಪಿಂಚಣಿ ನಿಂತಿದೆ, ಯಾರಿಗೆ ಹೇಳಬೇಕೋ ತಿಳಿಯದು ಎನ್ನುವವರಿಗೆ ಹಿರಿಯರ ಸಹಾಯವಾಣಿ 14567 ಇದೆ. ಕರೆಗೆ ದುಡ್ಡಿಲ್ಲ. ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸ ಮಕ್ಕಳದು.

ಹೋದ ವಾರ ಆಶಾ ಮತ್ತೆ ಪುಸ್ತಕ ತಂದಿದ್ದರು. ನಾನು ಕನ್ನಡಕ ಹಾಕಿಕೊಂಡು ಪೆನ್ನು ತೆಗೆದೆ. ಹೋಂವರ್ಕ್ ಮಾಡುತ್ತಿದ್ದ ಮೊಮ್ಮಗಳು ತಲೆ ಎತ್ತದೆಯೇ ಕೇಳಿದಳು.

“ತಾತ, ಪೂರ್ತಿ ಓದಿದೆಯಾ?”

ಪೆನ್ನು ಕೆಳಗಿಟ್ಟು ಮೊದಲಿನಿಂದ ಓದಿದೆ. ನಾಲ್ಕನೇ ಸಾಲಿನಲ್ಲಿ ಬಸ್ಸಿನ ವಿಷಯ ಬಿಟ್ಟುಹೋಗಿತ್ತು. ಸೇರಿಸಿ, ಆಮೇಲೆ ಸಹಿ ಹಾಕಿದೆ.