ಹಿಂದುಳಿದ ಕನ್ನಡಿ

ಕನ್ನಡಿ ಸುಳ್ಳಾಡುವುದಿಲ್ಲವೆಂದು ನಂಬಿದವನು ನಾನು. ಈಚೆಗೆ ಒಂದು ರಾತ್ರಿ ಆ ನಂಬಿಕೆಗೆ ಪೆಟ್ಟು ಬಿತ್ತು. ಬೆಳಗಾಗುವುದರೊಳಗೆ ಲೇಖನವೊಂದನ್ನು ಅಚ್ಚಿಗೆ ಅಣಿಗೊಳಿಸಬೇಕಾಗಿತ್ತು. ಅದಕ್ಕೆ ಬೇಕಾದ ತಂತ್ರಾಂಶವನ್ನು ಇಳಿಸಿಕೊಳ್ಳಹೋದರೆ, ಪಟ್ಟಿಯಲ್ಲಿರುವ ಕಡತ ದೊರೆಯುತ್ತಿಲ್ಲವೆಂದು ಗಣಕಯಂತ್ರ ಕೈಚೆಲ್ಲಿತು.

ನನ್ನ ಯಂತ್ರದಲ್ಲಿರುವುದು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಸ್ವಯಂಸೇವಕರು ಬೆಳೆಸಿದ ಡೆಬಿಯನ್. ಅದರ ಮೂಲ ಭಂಡಾರ ದಿನಕ್ಕೆ ನಾಲ್ಕು ಬಾರಿ ಹೊಸದಾಗುತ್ತದೆ. ಲೋಕವೆಲ್ಲ ಒಂದೇ ಬಾಗಿಲಿಗೆ ನುಗ್ಗಬಾರದೆಂದು ಹಲವು ದೇಶಗಳ ವಿಶ್ವವಿದ್ಯಾನಿಲಯಗಳೂ ಸಂಸ್ಥೆಗಳೂ ಅದರ ಪ್ರತಿಯನ್ನು ಇರಿಸಿಕೊಂಡಿವೆ. ಇವನ್ನು ‘ಮಿರರ್’ ಎನ್ನುತ್ತಾರೆ. ಹೆಸರು ತುಸು ಮೋಸದ್ದೇ. ಗಾಜಿನ ಕನ್ನಡಿ ಆ ಕ್ಷಣದ ಮುಖವನ್ನು ತೋರಿಸುತ್ತದೆ. ಇವು ತೋರಿಸುವುದು ಕೊನೆಯ ಸಲ ನಕಲು ಮಾಡಿಕೊಂಡ ಹೊತ್ತಿನ ಮುಖವನ್ನು.

ಹಿಂದುಳಿಯುವುದೇ ದೋಷವೆನ್ನಲಾರೆ. ಪಟ್ಟಿ, ಸರಕು ಎರಡೂ ನಿನ್ನೆಯವಾದರೆ ಕೆಲಸ ಸಾಗುತ್ತದೆ. ಪಟ್ಟಿ ಇಂದಿನದಾಗಿ ಸರಕು ನಿನ್ನೆಯದಾದಾಗ ತೊಡಕು. ಗ್ರಂಥಾಲಯದ ಸೂಚಿಯಲ್ಲಿ ಹೆಸರಿದ್ದು ಕಪಾಟು ಬರಿದಾಗಿರುವುದನ್ನು ಕಂಡು ಮರಳಿದವರಿಗೆ ಇದು ಹೊಸ ಅನುಭವವಲ್ಲ. ಆದುದರಿಂದಲೇ ಡೆಬಿಯನ್ನಿನವರು ಒಂದು ಕ್ರಮವನ್ನು ವಿಧಿಸಿದ್ದಾರೆ: ಮೊದಲು ಹೊಸ ಕಡತಗಳು ಬರಬೇಕು, ಆಮೇಲೆ ಪಟ್ಟಿ ಬದಲಾಗಬೇಕು, ಹಳೆಯದನ್ನು ಅಳಿಸುವುದು ಕಟ್ಟಕಡೆಗೆ. ಎಲ್ಲವನ್ನೂ ಒಂದೇ ಏಟಿಗೆ ನಕಲು ಮಾಡಹೊರಟ ಮಿರರಿನಲ್ಲಿ, ಆ ನಡುವೆ ಬಂದವನ ಗತಿ ನನ್ನದೇ.

ಕೊನೆಗೆ ಬೇರೊಂದು ಮಿರರಿನ ವಿಳಾಸ ಕೊಟ್ಟು, ಪಟ್ಟಿಯನ್ನು ಹೊಸದಾಗಿ ತರಿಸಿದೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಅದಕ್ಕೆ ಮುನ್ನ ಎರಡು ಗಂಟೆಗಳ ಕಾಲ ನಿರಪರಾಧಿಯಾದ ನನ್ನ ಯಂತ್ರವನ್ನು ಬೈದಿದ್ದೆ.