ಕಮ್ಯುನಿಸ್ಟ್ ಪಕ್ಷದಲ್ಲಿ ನಾಯಕ ಬದಲಾಗುವುದು ಹೇಗೆ?

1996ರ ಜೂನ್ 1ರಂದು ನಮ್ಮ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಅವರ ಸಂಪುಟದಲ್ಲಿ ಗೃಹ ಸಚಿವರಾದವರು ಭಾರತ ಕಮ್ಯುನಿಸ್ಟ್ ಪಕ್ಷದ (ಸಿಪಿಐ) ಪ್ರಧಾನ ಕಾರ್ಯದರ್ಶಿ ಇಂದ್ರಜಿತ್ ಗುಪ್ತ. ಪಕ್ಷದಲ್ಲಿ ಅವರಿಂದ ತೆರವಾದ ಜಾಗಕ್ಕೆ ಬಂದವರು ನಾಗಪುರದ ಎ.ಬಿ. ಬರ್ಧನ್. 2012ರವರೆಗೆ ಅವರೇ ಆ ಹೊಣೆ ಹೊತ್ತರು.

ಬರ್ಧನ್ ನಾಗಪುರದಲ್ಲಿ ವಿದ್ಯಾರ್ಥಿ ನಾಯಕರಾಗಿ ಬೆಳೆದು, ಗಿರಣಿ ಕಾರ್ಮಿಕರನ್ನೂ ವಿದ್ಯುತ್ ನೌಕರರನ್ನೂ ಸಂಘಟಿಸಿದವರು. 1957ರಲ್ಲಿ ಅಲ್ಲಿಂದಲೇ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು. ಲೋಕಸಭೆಗೆ ನಿಂತಾಗ ಮಾತ್ರ ಸೋತರು. ಸಂಸತ್ತಿಗೆ ಗೆಲ್ಲದವರು ರಾಷ್ಟ್ರೀಯ ಪಕ್ಷವೊಂದರ ಮುಖ್ಯಸ್ಥರಾದದ್ದು ಹೇಗೆ ಎಂದು ನೀವು ಕೇಳಬಹುದು. ಕಮ್ಯುನಿಸ್ಟ್ ಪಕ್ಷಗಳಲ್ಲಿ ನಾಯಕನನ್ನು ಆರಿಸುವುದು ಮತದಾರರಲ್ಲ, ಸಮಿತಿ.

ಮೊದಲು ಹುದ್ದೆಯ ಹೆಸರು ನೋಡಿ. ಬೇರೆ ಪಕ್ಷಗಳಲ್ಲಿ 'ಅಧ್ಯಕ್ಷ' ದೊಡ್ಡವರು, ಪ್ರಧಾನ ಕಾರ್ಯದರ್ಶಿಗಳು ಹಲವರು. ಇಲ್ಲಿ ಪ್ರಧಾನ ಕಾರ್ಯದರ್ಶಿ ಒಬ್ಬರೇ, ಅವರೇ ಮುಖ್ಯಸ್ಥರು.

ಇನ್ನು ಆಯ್ಕೆಯ ದಾರಿ. ಅದು ಕೆಳಗಿನಿಂದ ಶುರುವಾಗುತ್ತದೆ. ಊರಿನ ಅಥವಾ ಕಾರ್ಖಾನೆಯ ಸದಸ್ಯರು ಸೇರಿದ್ದು ಶಾಖೆ. ಶಾಖೆ ತನ್ನ ಪ್ರತಿನಿಧಿಗಳನ್ನು ಮೇಲಿನ ಸಮ್ಮೇಳನಕ್ಕೆ ಕಳಿಸುತ್ತದೆ. ಹೀಗೆ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಹಂತ ಹಂತವಾಗಿ ಏರಿ ಕೊನೆಗೆ ಮಹಾಧಿವೇಶನ ನಡೆಯುತ್ತದೆ. ಸಾಮಾನ್ಯವಾಗಿ ಇದು ಮೂರು ವರ್ಷಕ್ಕೊಮ್ಮೆ. ಅಲ್ಲಿ ಪ್ರತಿನಿಧಿಗಳು ಸಿಪಿಐನಲ್ಲಾದರೆ ರಾಷ್ಟ್ರೀಯ ಮಂಡಳಿಯನ್ನು, ಇನ್ನೊಂದು ಕಮ್ಯುನಿಸ್ಟ್ ಪಕ್ಷವಾದ ಸಿಪಿಐ(ಎಂ)ನಲ್ಲಾದರೆ ಕೇಂದ್ರ ಸಮಿತಿಯನ್ನು ಆರಿಸುತ್ತಾರೆ. ಪ್ರಧಾನ ಕಾರ್ಯದರ್ಶಿಯನ್ನು ಆರಿಸುವುದು ಆ ಮಂಡಳಿ ಅಥವಾ ಸಮಿತಿ.

ಮತದಾನ ನಿಜಕ್ಕೂ ನಡೆಯುತ್ತದೆಯೇ? ಹೊರಹೋಗುವ ಸಮಿತಿ ಒಂದು 'ಪ್ಯಾನಲ್', ಅಂದರೆ ಹೆಸರುಗಳ ಪಟ್ಟಿ, ಮುಂದಿಡುತ್ತದೆ. ಹೆಚ್ಚಿನ ಸಲ ಅದೇ ಒಪ್ಪಿಗೆಯಾಗುತ್ತದೆ. ಒಪ್ಪದ ಪ್ರತಿನಿಧಿ ಬೇರೆ ಹೆಸರು ಸೂಚಿಸಬಹುದು. ಆಗ ಗುಪ್ತ ಮತದಾನ. 2025ರ ಏಪ್ರಿಲ್‌ನಲ್ಲಿ ಮಧುರೈನಲ್ಲಿ ಸಿಪಿಐ(ಎಂ) ಮಹಾಧಿವೇಶನ ನಡೆದಾಗ ಮಹಾರಾಷ್ಟ್ರದ ಕಾರ್ಮಿಕ ನಾಯಕ ಡಿ.ಎಲ್. ಕರಾಡ್ ಪಟ್ಟಿಯ ಎದುರು ಕೇಂದ್ರ ಸಮಿತಿಗೆ ಸ್ಪರ್ಧಿಸಿದರು. ಅವರಿಗೆ ಸಿಕ್ಕಿದ್ದು 31 ಮತ. ಸೋತರು. ಪಟ್ಟಿಯನ್ನು ಪ್ರಶ್ನಿಸಲು ಅವಕಾಶವಿದೆ, ಮುರಿಯುವುದು ಕಷ್ಟ ಎಂಬುದಕ್ಕೆ ಇದೊಂದು ಲೆಕ್ಕ ಸಾಕು.

ನಡುವೆಯೇ ಹುದ್ದೆ ತೆರವಾದರೆ? ಎರಡು ಉದಾಹರಣೆಗಳಿವೆ. 2019ರಲ್ಲಿ, ಬರ್ಧನ್ ನಂತರ ಬಂದಿದ್ದ ಸುರವರಂ ಸುಧಾಕರ ರೆಡ್ಡಿ ಅನಾರೋಗ್ಯದಿಂದ ಬಿಟ್ಟುಕೊಟ್ಟಾಗ ಸಿಪಿಐ ರಾಷ್ಟ್ರೀಯ ಮಂಡಳಿ ಜುಲೈನಲ್ಲೇ ಡಿ. ರಾಜಾ ಅವರನ್ನು ಆರಿಸಿತು. 2024ರ ಸೆಪ್ಟೆಂಬರ್ 12ರಂದು ಸಿಪಿಐ(ಎಂ) ಪ್ರಧಾನ ಕಾರ್ಯದರ್ಶಿ ಸೀತಾರಾಂ ಯೆಚೂರಿ ತೀರಿಕೊಂಡಾಗ ಆ ಪಕ್ಷ ಹಾಗೆ ಮಾಡಲಿಲ್ಲ. ಹಿಂದಿನ ಪ್ರಧಾನ ಕಾರ್ಯದರ್ಶಿ ಪ್ರಕಾಶ್ ಕಾರಟ್ ಅವರನ್ನು ತಾತ್ಕಾಲಿಕ ಸಂಯೋಜಕರನ್ನಾಗಿಸಿ ಮಧುರೈವರೆಗೆ ಕಾಯಿತು. ಅಲ್ಲಿ ಎಂ.ಎ. ಬೇಬಿ ಆಯ್ಕೆಯಾದರು.

ಅವಧಿಗೆ ಮಿತಿಯೂ ಇದೆ. ಸಿಪಿಐ(ಎಂ)ನಲ್ಲಿ ಕಾರ್ಯದರ್ಶಿಗೆ ಸಾಮಾನ್ಯವಾಗಿ ಮೂರು ಪೂರ್ಣಾವಧಿ. ಕಾರಟ್ 2005ರಲ್ಲಿ ಬಂದು 2015ರಲ್ಲಿ ಇಳಿದರು. ಸಮಿತಿಗಳಿಗೆ 75 ವರ್ಷದ ವಯೋಮಿತಿಯನ್ನೂ ಈ ಪಕ್ಷಗಳು ಹಾಕಿಕೊಂಡಿವೆ. ಆದರೆ ಮಿತಿ ಹಾಕಿದ ಕೈಗಳೇ ಅದನ್ನು ಸಡಿಲಿಸುವುದೂ ಉಂಟು: 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಸಿಪಿಐ, 75 ದಾಟಿದ ರಾಜಾ ಅವರನ್ನೇ ಮತ್ತೆ ಆರಿಸಿತು.

ಬರ್ಧನ್ ಅವರ ನಾಗಪುರದಲ್ಲೇ ಇನ್ನೊಂದು ಪದ್ಧತಿ ಕಾಣಸಿಗುತ್ತದೆ. ಅಲ್ಲಿ ಕೇಂದ್ರ ಕಚೇರಿಯಿರುವ ಆರೆಸ್ಸೆಸ್‌ನಲ್ಲಿ ಸರಸಂಘಚಾಲಕರು, ಅಂದರೆ ಮುಖ್ಯಸ್ಥರು, ತಮ್ಮ ಉತ್ತರಾಧಿಕಾರಿಯನ್ನು ತಾವೇ ಹೆಸರಿಸುತ್ತಾರೆ. ಕನ್ನಡ ಮನೆತನದ ಕೆ.ಎಸ್. ಸುದರ್ಶನ್ 2009ರಲ್ಲಿ ಮೋಹನ್ ಭಾಗವತರನ್ನು ಹೆಸರಿಸಿದ್ದು ಹೀಗೆಯೇ. ಒಂದೇ ಊರು, ಎರಡು ದಾರಿ.

ಕಮ್ಯುನಿಸ್ಟ್ ಪಕ್ಷದ ಆಯ್ಕೆಯಲ್ಲಿ ನೀವೂ ಪಾಲ್ಗೊಳ್ಳಬೇಕೆಂದರೆ ಮಿಸ್ಡ್ ಕಾಲ್ ಕೊಟ್ಟರೆ ಆಗದು. ಸಿಪಿಐ(ಎಂ)ನಲ್ಲಿ 18 ತುಂಬಿರಬೇಕು, ಇಬ್ಬರು ಸದಸ್ಯರ ಶಿಫಾರಸು ಬೇಕು, ಒಂದು ವರ್ಷ 'ಅಭ್ಯರ್ಥಿ ಸದಸ್ಯ'ರಾಗಿ ಕೆಲಸ ಮಾಡಬೇಕು. ಆ ವರ್ಷ ಮತ ಹಾಕುವಂತಿಲ್ಲ. ವಾರ್ಷಿಕ ಶುಲ್ಕ ಅಲ್ಪ. ಜೇಬಿಗೆ ತಟ್ಟುವುದು 'ಲೆವಿ', ಅಂದರೆ ಆದಾಯಕ್ಕೆ ತಕ್ಕಂತೆ ಪಕ್ಷಕ್ಕೆ ಕೊಡಬೇಕಾದ ಪಾಲು.

ನಿಯಮಗಳನ್ನು ಓದಬೇಕೆಂದರೆ ಪಕ್ಷದ ಸಂವಿಧಾನ ಕೇಳಿ. ಚುನಾವಣಾ ಆಯೋಗದಲ್ಲೂ ಅದರ ಪ್ರತಿ ಇರುತ್ತದೆ. ಪದಾಧಿಕಾರಿಗಳು ಬದಲಾದಾಗ ಪಕ್ಷ ಆಯೋಗಕ್ಕೆ ತಡಮಾಡದೆ ತಿಳಿಸಬೇಕೆಂದು 1951ರ ಜನಪ್ರತಿನಿಧಿ ಕಾಯ್ದೆಯ 29ಎ ಕಲಂ ಹೇಳುತ್ತದೆ. ಬೆಂಗಳೂರಿನವರಾದರೆ ಸಿಪಿಐನ ರಾಜ್ಯ ಕಚೇರಿ ಘಾಟೆ ಭವನದಲ್ಲಿದೆ. ಅಲ್ಲಿ ವಿಚಾರಿಸಬಹುದು. ಆ ಭವನ ಯಾರ ಹೆಸರಿನಲ್ಲಿದೆಯೋ ಆ ಎಸ್.ವಿ. ಘಾಟೆ ಮಂಗಳೂರಿನವರು, ಬರ್ಧನ್ ಹೊತ್ತ ಇದೇ ಹೊಣೆಯನ್ನು ಪಕ್ಷದ ಮೊದಲ ದಿನಗಳಲ್ಲಿ ಹೊತ್ತವರು.